ಮುಂಬಯಿ ಲೋಕಲ್‌ನಲ್ಲಿ ಪಕ್ಕದವರ ಮೊಬೈಲ್ ಗದ್ದಲ: ಜಗಳ ಆಗದಂತೆ ದನಿ ತಗ್ಗಿಸೋದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯಲ್ಲಿರುವ ನಮ್ಮ ಕನ್ನಡಿಗರಲ್ಲಿ ಬಹಳ ಜನರ ಮನೆ ದೂರ. ಡೊಂಬಿವಲಿ, ಮೀರಾ ರೋಡ್, ವಸಾಯಿ, ನೆರೂಲ್. ಕೆಲಸ ಮಾತ್ರ ಫೋರ್ಟ್‌ನಲ್ಲೋ ಅಂಧೇರಿಯಲ್ಲೋ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಕಿ.ಮೀ. ಇಷ್ಟು ದೂರ ದಿನಾ ಹೋಗಿ ಬರುವಾಗ ಪಕ್ಕದವರು ಫೋನಿನ ಸ್ಪೀಕರ್ ಬಿಟ್ಟು ರೀಲ್ಸ್ ನೋಡಲು ಶುರು ಮಾಡಿದರೆ ಏನು ಮಾಡ್ತೀರಿ?

ಹೆಚ್ಚಿನವರು ದಾದರ್ ಬರುವವರೆಗೆ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ಇನ್ನು ಕೆಲವರು ಹೀಗೆ ವಾರಗಟ್ಟಲೆ ಕೂತು, ಒಂದು ದಿನ ಎಲ್ಲವನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ. ಆಗ ಜಗಳ ಆಗುತ್ತದೆ. ಅದು ಆ ದಿನದ ಹಾಡಿನ ಬಗ್ಗೆ ಇರೋದೇ ಇಲ್ಲ.

ಕಾನೂನು, ಸಹಾಯವಾಣಿ, ಪೊಲೀಸ್ ಎಲ್ಲ ಇದೆ. ಅದನ್ನೂ ಹೇಳುತ್ತೇನೆ. ಆದರೆ ನನ್ನ ಪ್ರಕಾರ ಕೆಲಸ ಮಾಡುವುದು ಒಂದೇ ಸೂತ್ರ: ಎದುರಿನವರು ಮಾನ ಕಳೆದುಕೊಳ್ಳದೆ ದನಿ ತಗ್ಗಿಸುವಂತೆ ಒಂದು ದಾರಿ ಬಿಟ್ಟುಕೊಡಿ. ನಾಳೆ ಅದೇ ಗಾಡಿಯಲ್ಲಿ, ಅದೇ ಡಬ್ಬಿಯಲ್ಲಿ, ಅದೇ ಮುಖ ನೋಡಬೇಕಲ್ವಾ?

ಅದು ಅಷ್ಟು ತಲೆ ತಿನ್ನುವುದು ಯಾಕೆ

ಲೋಕಲ್ ಮೊದಲೇ ಗದ್ದಲದ ಗಾಡಿ. ಚಕ್ರದ ಸದ್ದು, ಮೋಟರಿನ ಸದ್ದು, ಮೇಲೆ ಫ್ಯಾನು, ತೆರೆದ ಬಾಗಿಲಿನಿಂದ ನುಗ್ಗುವ ಗಾಳಿ. ಆದರೂ ಅದರ ನಡುವೆ ಜನ ನಿದ್ದೆ ಮಾಡುತ್ತಾರೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ.

ಮೊಬೈಲ್ ಸ್ಪೀಕರ್ ಕಥೆ ಬೇರೆ. ಅದು ಉಗುರಿನಷ್ಟು ದೊಡ್ಡದು. ಮೃದಂಗದ ತೂಕ, ತಬಲಾದ ಗುಂಗು ಅದರಿಂದ ಹೊರಡುವುದಿಲ್ಲ. ಹೊರಡುವುದೆಲ್ಲ ಕೀಚಲು ಭಾಗ, ಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನದು. ಮನುಷ್ಯನ ಕಿವಿ ಅತಿ ಚುರುಕಾಗಿ ಹಿಡಿಯುವುದೂ ಅದನ್ನೇ. ರೀಲ್ಸ್ ಆದರೆ ಇನ್ನೂ ಕಷ್ಟ. ಕಿವಿ ಒಂದು ಹಾಡಿಗೆ ಒಗ್ಗುವ ಮೊದಲೇ ಹೆಬ್ಬೆರಳು ಮೇಲೆ ಸರಿಯುತ್ತದೆ, ಇನ್ನೊಂದು ಶುರುವಾಗುತ್ತದೆ.

ಫೋನಿನಲ್ಲಿ ಮಾತಾಡುವವರದೂ ಹೀಗೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಇಬ್ಬರ ಮಾತು ಪೂರ್ತಿ ಕೇಳಿದಾಗಿನದಕ್ಕಿಂತ ಒಬ್ಬರ ಮಾತು ಮಾತ್ರ ಕೇಳಿದಾಗ ನಮ್ಮ ಗಮನ ಜಾಸ್ತಿ ಕೆಡುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ಆ ಕಡೆಯವರು ಏನು ಹೇಳಿರಬಹುದು ಅಂತ ನಮ್ಮ ತಲೆ ಕೇಳದೇ ಊಹಿಸುತ್ತಾ ಇರುತ್ತದೆ. ಯಾರದೋ ಬಾಡಿಗೆ ಡಿಪಾಸಿಟ್ ವಾಪಸ್ ಬಂತೋ ಇಲ್ಲವೋ ಅನ್ನೋ ಚಿಂತೆ ಕುರ್ಲಾದಿಂದ ಠಾಣೆವರೆಗೆ ನಮ್ಮದಾಗುತ್ತದೆ.

ಎಸಿ ಲೋಕಲ್‌ನಲ್ಲಿ ಇದು ಎದ್ದು ಕಾಣುತ್ತದೆ. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಮೊದಲ ಎಸಿ ಲೋಕಲ್ ಓಡಿತು. ಬಾಗಿಲು ಮುಚ್ಚಿರುತ್ತದೆ, ಹೊರಗಿನ ಸದ್ದು ಕಮ್ಮಿ. ಹಾಗಾಗಿ ಸಾದಾ ಡಬ್ಬಿಯಲ್ಲಿ ಯಾರಿಗೂ ಕೇಳದ ದನಿ ಇಲ್ಲಿ ಅರ್ಧ ಡಬ್ಬಿಗೆ ಕೇಳುತ್ತದೆ. ಫೋನ್ ಹಿಡಿದವರಿಗೆ ಅದು ಗೊತ್ತೇ ಇರೋದಿಲ್ಲ. ಅವರು ಹಳೆಯ ಡಬ್ಬಿಯ ಲೆಕ್ಕದಲ್ಲೇ ವಾಲ್ಯೂಮ್ ಇಟ್ಟಿರುತ್ತಾರೆ.

ಹಂತ 1: ಎರಡು ಸ್ಟೇಷನ್ ಸುಮ್ನೆ ನೋಡಿ

ತಕ್ಷಣ ಬಾಯಿ ಹಾಕಬೇಡಿ. ಎಷ್ಟೋ ಸಲ ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋ ಮುಗಿದರೆ ಅಷ್ಟೇ, ಫೋನ್ ಜೇಬಿಗೆ ಹೋಗುತ್ತದೆ. ಎರಡು ಸ್ಟೇಷನ್ ದಾಟಿದರೂ ನಿಲ್ಲದಿದ್ದರೆ ಆಗ ನೋಡಿ, ಯಾರು, ಎಂಥ ಸದ್ದು.

ವಯಸ್ಸಾದವರು ಊರಿನ ಜೊತೆ ಸ್ಪೀಕರ್ ಹಾಕಿ ಮಾತಾಡುತ್ತಿದ್ದರೆ ಕಿವಿ ಮಂದವಾಗಿರಬಹುದು. ಮಗುವಿಗೆ ಕಾರ್ಟೂನ್ ಹಾಕಿಕೊಟ್ಟ ತಾಯಿ ಅದಿಲ್ಲದಿದ್ದರೆ ಬರುವ ಅಳುವಿಗೆ ಹೆದರಿರುತ್ತಾಳೆ. ಅಲ್ಲಿ ಕೇಳುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ, ಮಗುವಿನ ಅಳು ಕಾರ್ಟೂನಿಗಿಂತ ಜೋರು. ಒಬ್ಬನೇ ಕೂತು ರೀಲ್ಸ್ ನೋಡುವ ಹುಡುಗ ಸುಲಭದ ಕೇಸು. ನಾಲ್ಕೈದು ಹುಡುಗರು ಬ್ಲೂಟೂತ್ ಸ್ಪೀಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಅದು ಸುಲಭದ್ದಲ್ಲ. ಕುಡಿದವರಿದ್ದರೆ ಹಂತ 2ರ ನಂತರ ನೇರ ದೂರಿನ ಹಂತಕ್ಕೆ ಹೋಗಿ. ನಡುವೆ ಏನೂ ಬೇಡ.

ಹಂತ 2: ಜಾಗ ಬದಲಿಸಲು ಆಗುತ್ತದಾ ನೋಡಿ

ಸಾದಾ ಲೋಕಲ್‌ನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿಂದಲೇ ಹೋಗಲು ದಾರಿ ಇಲ್ಲ. ಇಳಿದು ಹತ್ತಬೇಕು. ಗಾಡಿ ನಿಲ್ಲುವುದು 20–30 ಸೆಕೆಂಡ್. ಬೆಳಿಗ್ಗೆಯ ನೂಕುನುಗ್ಗಲಲ್ಲಿ ಇದನ್ನು ಮಾಡಲೇಬೇಡಿ. ಮಧ್ಯಾಹ್ನ ಅಥವಾ ರಾತ್ರಿ ತಡವಾಗಿ ಮಾಡಬಹುದು.

ಅದೇ ಡಬ್ಬಿಯೊಳಗೆ ಕಿಟಕಿ ಕಡೆ ಸರಿದರೂ ವ್ಯತ್ಯಾಸ ಆಗುತ್ತದೆ. ಗಾಳಿಯ ಸದ್ದು ಫೋನಿನ ಸದ್ದನ್ನು ನುಂಗುತ್ತದೆ. ನೀವು ದಿನಾ ಒಂದೇ ಡಬ್ಬಿ ಹತ್ತುವವರಾಗಿ, ಅಲ್ಲಿ ದಿನಾ ಇದೇ ಪಾಡಾದರೆ, ಪ್ಲಾಟ್‌ಫಾರ್ಮಿನಲ್ಲಿ ಒಂದು ಡಬ್ಬಿ ಹಿಂದೆ ನಿಂತು ನೋಡಿ. 12 ಡಬ್ಬಿಯ ಗಾಡಿಯಲ್ಲಿ ಒಂದೊಂದು ಡಬ್ಬಿಯ ಜನವೇ ಬೇರೆ, ಗುಣವೇ ಬೇರೆ.

ಹಂತ 3: ಯಾವಾಗ ಕೇಳಬೇಕು

ಏನು ಹೇಳುತ್ತೀರಿ ಅನ್ನುವುದಕ್ಕಿಂತ ಯಾವಾಗ ಹೇಳುತ್ತೀರಿ ಅನ್ನುವುದು ಜಾಸ್ತಿ ಮುಖ್ಯ.

ಗಾಡಿ ಓಡುವಾಗ ಮಾತು ಕೇಳಿಸಬೇಕಾದರೆ ನೀವು ಕೂಗಬೇಕು. ಕೂಗಿದರೆ ಎಷ್ಟೇ ಮರ್ಯಾದೆಯ ಮಾತಾದರೂ ಸಿಟ್ಟಿನ ಹಾಗೆ ಕೇಳುತ್ತದೆ. ಸುತ್ತಲಿನ ಹತ್ತು ಜನ ತಿರುಗಿ ನೋಡುತ್ತಾರೆ. ಹತ್ತು ಜನರ ಮುಂದೆ ದನಿ ತಗ್ಗಿಸುವುದು ಯಾರಿಗೂ ಇಷ್ಟ ಇಲ್ಲ.

ಗಾಡಿ ಸ್ಟೇಷನ್ನಿಗೆ ಬರುವಾಗ ವೇಗ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ಆಗ ಆ ಫೋನು ಎಷ್ಟು ಜೋರಾಗಿದೆ ಅನ್ನೋದು ಹಿಡಿದವರಿಗೇ ಗೊತ್ತಾಗುತ್ತದೆ. ಕೆಲವರು ಕೇಳದೆಯೇ ತಗ್ಗಿಸುತ್ತಾರೆ. ಇಲ್ಲದಿದ್ದರೆ ಆ ಹೊತ್ತಲ್ಲೇ, ಸ್ವಲ್ಪ ಬಾಗಿ, ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿ.

ದಾದರ್, ಕುರ್ಲಾ, ಅಂಧೇರಿ, ಠಾಣೆಯಂಥ ಸ್ಟೇಷನ್ ಬೇಡ. ಅಲ್ಲಿ ಜನ ಹತ್ತಿ ಇಳಿಯುವ ರಭಸಕ್ಕೆ ಎಲ್ಲರ ಪಿತ್ತ ನೆತ್ತಿಗೇರಿರುತ್ತದೆ. ಸ್ಲೋ ಗಾಡಿಯಾದರೆ ನಡುವಿನ ಸಣ್ಣ ಸ್ಟೇಷನ್ ಒಳ್ಳೆಯದು. ಫಾಸ್ಟ್ ಗಾಡಿಯಾದರೆ ಸಿಗ್ನಲ್‌ಗೆ ನಿಂತಾಗ.

ಹಂತ 4: ಏನು ಹೇಳಬೇಕು

ಮೊದಲು ಭಾಷೆ. ನಿಮ್ಮ ಮರಾಠಿ ಹರಕುಮುರುಕಾದರೂ ಪರವಾಗಿಲ್ಲ, ಮರಾಠಿ ಮಾತಾಡುವವರ ಹತ್ತಿರ ಮರಾಠಿಯಲ್ಲೇ ಶುರು ಮಾಡಿ. 'ದಾದಾ, ಆವಾಜ್ ಥೋಡಾ ಕಮೀ ಕರ್ತಾ ಕಾ?' ಇಷ್ಟು ಸಾಕು. ಹೆಂಗಸರಿಗೆ 'ತಾಈ', ಹಿರಿಯರಿಗೆ 'ಕಾಕಾ', 'ಮಾವಶೀ'. ಹಿಂದಿಯಾದರೆ 'ಭಾಯ್‌ಸಾಬ್, ಆವಾಜ್ ಥೋಡಾ ಕಮ್ ಕರೇಂಗೆ?' ಕೊನೆಗೆ ಪ್ರಶ್ನೆಯ ಧಾಟಿ ಇರಲೇಬೇಕು. 'ಆವಾಜ್ ಕಮ್ ಕರ್' ಅಂದರೆ ಮುಗೀತು, ಅದು ಆರ್ಡರ್ ಆಯಿತು.

'ಬಂದ್ ಮಾಡಿ' ಅನ್ನಬೇಡಿ. 'ಕಮ್ಮಿ ಮಾಡಿ' ಅನ್ನಿ. ಕಮ್ಮಿ ಮಾಡಲು ಯಾರೂ ಸೋಲಬೇಕಾಗಿಲ್ಲ. ಕಮ್ಮಿ ಮಾಡಿದ ಮೇಲೆ ಗಾಡಿಯ ಸದ್ದಿನಲ್ಲಿ ಅವರಿಗೇ ಸರಿಯಾಗಿ ಕೇಳುವುದಿಲ್ಲ. ಐದು ನಿಮಿಷದಲ್ಲಿ ತಾವೇ ನಿಲ್ಲಿಸುತ್ತಾರೆ.

ಒಂದು ಕಾರಣ ಸೇರಿಸಿ, ಆದರೆ ನಿಜವಾದದ್ದು. ತಲೆನೋವಿದ್ದರೆ 'ಸರ್ ದುಖ್ ರಹಾ ಹೈ'. ಮನೆಗೆ ಫೋನ್ ಮಾಡುವುದಿದ್ದರೆ 'ಎರಡು ಮಿನಿಟ್, ಒಂದು ಕಾಲ್ ಇದೆ'. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಕಾರಣ 'ಅನೌನ್ಸ್‌ಮೆಂಟ್ ಕೇಳಿಸ್ತಾ ಇಲ್ಲ' ಅನ್ನುವುದು. ಇದರಲ್ಲಿ ಅವರ ಹಾಡಿನ ಬಗ್ಗೆ, ಅವರ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ದಿವ್ಯಾಂಗರ ಡಬ್ಬಿಯಲ್ಲಂತೂ ಇದು ಬರೀ ನೆಪ ಅಲ್ಲ. ಕಣ್ಣು ಕಾಣದವರು ಮುಂದಿನ ಸ್ಟೇಷನ್ ಯಾವುದು ಅಂತ ತಿಳಿಯುವುದು ಆ ಘೋಷಣೆಯಿಂದಲೇ. ಯಾರದೋ ಫೋನು ಅದನ್ನು ಮುಚ್ಚಿಹಾಕಿದರೆ ಅವರು ಸ್ಟೇಷನ್ ತಪ್ಪಿಸಿಕೊಳ್ಳುತ್ತಾರೆ.

ಮಾತೇ ಬೇಡ ಅನ್ನುವವರಿಗೆ ಕೈಸನ್ನೆ ಇದೆ. ಕಣ್ಣು ಸೇರಿದಾಗ ಸಣ್ಣದಾಗಿ ನಕ್ಕು, ಅಂಗೈ ಕೆಳಮುಖ ಮಾಡಿ ಸ್ವಲ್ಪ ಇಳಿಸಿ. ತುಟಿಯ ಮೇಲೆ ಬೆರಳು ಇಡಬೇಡಿ. ಅದು ಮಾಸ್ತರರು ಮಕ್ಕಳಿಗೆ ಮಾಡುವ ಸನ್ನೆ.

ಹಾರ್ಬರ್ ಲೈನಿನಲ್ಲಿ ಒಂದು ಸಂಜೆ ನೋಡಿದ್ದನ್ನು ಹೇಳುತ್ತೇನೆ. ಪನ್ವೇಲ್ ಗಾಡಿ. ಒಬ್ಬ ಹುಡುಗ ಕ್ರಿಕೆಟ್ ಮ್ಯಾಚ್ ಜೋರಾಗಿ ಹಾಕಿದ್ದ. ಎದುರಿಗೆ ಒಬ್ಬ ಹೆಂಗಸು, ತೊಡೆಯ ಮೇಲೆ ಟಿಫಿನ್ ಚೀಲ ಇಟ್ಟುಕೊಂಡು ನಿದ್ದೆ. ತಲೆ ಕಿಟಕಿಯ ಸರಳಿಗೆ ತಾಗಿ ತಾಗಿ ಎಚ್ಚರ ಆಗುತ್ತಿತ್ತು. ಪಕ್ಕದ ಅಜ್ಜ ಬಾಗಿ 'ಸ್ಕೋರ್ ಕಿತ್‌ನಾ ಹುಆ?' ಅಂದರು. ಹುಡುಗ ಖುಷಿಯಿಂದ ಹೇಳಿದ. ಯಾರು ಬ್ಯಾಟಿಂಗ್, ಎಷ್ಟು ಓವರ್ ಉಳಿದಿದೆ ಅಂತ ಎರಡು ಮಾತಾಯಿತು. ಆಮೇಲೆ ಅಜ್ಜ ಆ ಹೆಂಗಸಿನ ಕಡೆ ಗಲ್ಲ ತೋರಿಸಿ, ಬೆರಳಲ್ಲಿ ಸ್ವಲ್ಪ ಕಮ್ಮಿ ಅನ್ನುವ ಸನ್ನೆ ಮಾಡಿದರು. ಹುಡುಗ ಪೂರ್ತಿ ಮ್ಯೂಟ್ ಮಾಡಿದ. ಮಾಡಿ, ಫೋನನ್ನು ಅಜ್ಜನಿಗೂ ಕಾಣುವಂತೆ ಓರೆಯಾಗಿ ಹಿಡಿದ. ವಾಶಿವರೆಗೆ ಇಬ್ಬರೂ ಸದ್ದಿಲ್ಲದ ಮ್ಯಾಚ್ ನೋಡಿದರು.

ಎಲ್ಲರಿಗೂ ಇಷ್ಟು ತಾಳ್ಮೆ ಇರೋದಿಲ್ಲ, ನನಗೂ ಇಲ್ಲ. ಆದರೆ ಮೊದಲು ಒಂದು ಬೇರೆ ಮಾತಾಡಿ, ಆಮೇಲೆ ಕೇಳುವ ಈ ಉಪಾಯ ಬಹಳ ಸಲ ಫಲಿಸುವುದನ್ನು ಕಂಡಿದ್ದೇನೆ.

ಹಂತ 5: ಎದುರುತ್ತರ ಬಂದರೆ

ಮುಂಬಯಿಯ ಸಿದ್ಧ ಉತ್ತರ ಎಲ್ಲರಿಗೂ ಗೊತ್ತು: 'ಇತ್‌ನಾ ಪ್ರಾಬ್ಲಮ್ ಹೈ ತೋ ಟ್ಯಾಕ್ಸಿ ಮೇಂ ಜಾ.' ಇದಕ್ಕೆ ಜಾಣ ಉತ್ತರ ನಾಲಿಗೆಯ ತುದಿಗೇ ಬಂದಿರುತ್ತದೆ. ನುಂಗಿಬಿಡಿ. 'ಠೀಕ್ ಹೈ, ದೇಖೋ' ಅಂದು ಕಿಟಕಿ ಕಡೆ ತಿರುಗಿ. ಬಹಳ ಸಲ, ನೀವು ತಿರುಗಿದ ಮೇಲೆ, ಒಂದು ಸ್ಟೇಷನ್ ಬಿಟ್ಟು ದನಿ ತಾನಾಗಿ ಇಳಿಯುತ್ತದೆ. ನಿಮ್ಮ ಮುಂದೆ ಇಳಿಸಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೇ.

ಮೂರು ಕೆಲಸ ಯಾವತ್ತೂ ಮಾಡಬೇಡಿ. ಅವರ ಫೋನ್ ಮುಟ್ಟಬೇಡಿ. ಅಲ್ಲಿಂದ ಮುಂದೆ ಎಲ್ಲ ತಪ್ಪೂ ನಿಮ್ಮದೇ ಆಗುತ್ತದೆ. ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ವಿಡಿಯೋ ಶುರುವಾದ ಕೂಡಲೇ ಸಣ್ಣ ಮಾತು ದೊಡ್ಡದಾಗುತ್ತದೆ, ಯಾರೂ ಹಿಂದೆ ಸರಿಯುವುದಿಲ್ಲ. ಇನ್ನೊಂದು, ಸೇಡಿಗೆ ನಿಮ್ಮ ಫೋನಿನಲ್ಲೂ ಜೋರಾಗಿ ಹಾಡು ಹಾಕಬೇಡಿ. ನಗು ಬರುವ ಉಪಾಯ ಹೌದು, ಆದರೆ ಮೂರನೆಯವರಿಗೆ ಈಗ ಎರಡು ಫೋನಿನ ಕಾಟ.

ಜಗಳ ಭಾಷೆಗೆ ತಿರುಗಲು ಬಿಡಬೇಡಿ. ಇದನ್ನು ನಮ್ಮವರಿಗೆ ಸ್ವಲ್ಪ ಒತ್ತಿ ಹೇಳಬೇಕು. 2025ರಲ್ಲಿ ಮಹಾರಾಷ್ಟ್ರದಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಕಲಿಸುವ ಸರ್ಕಾರಿ ಆದೇಶದ ಮೇಲೆ ದೊಡ್ಡ ಗಲಾಟೆ ಆಯಿತು. ಜೂನ್ 29ರಂದು ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಇಂಥ ಬಿಸಿ ಲೋಕಲ್ ಡಬ್ಬಿಗೂ ಇಳಿಯುತ್ತದೆ. ಬೆಳಗಾವಿ ವಿಷಯ ಗರಂ ಇರುವ ವಾರಗಳಲ್ಲಂತೂ ನೀವು ಕನ್ನಡದವರು ಅಂತ ಗೊತ್ತಾದರೆ ವಾಲ್ಯೂಮಿನ ಮಾತು ಎಲ್ಲಿಗೋ ಹೋಗಬಹುದು. 'ಮರಾಠಿ ಮೇಂ ಬೋಲ್' ಅಂದರೆ ಬರುವಷ್ಟು ಮರಾಠಿಯಲ್ಲಿ ಹೇಳಿ. ಬಾರದಿದ್ದರೆ ಸುಮ್ಮನಾಗಿ. ಮಾತು ಸದ್ದಿನದು, ಸದ್ದಿನದಾಗಿಯೇ ಇರಲಿ.

ಬಾಗಿಲ ಹತ್ತಿರ ಮಾತಿಗೆ ಮಾತು ಬೆಳೆದರೆ ಕೂಡಲೇ ಒಳಗೆ ಸರಿಯಿರಿ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಸತ್ತರು. ಅಲ್ಲಿ ಯಾರೂ ಯಾರನ್ನೂ ಜಗಳದಲ್ಲಿ ತಳ್ಳಿರಲಿಲ್ಲ. ತಳ್ಳಾಟವೂ ಸೇರಿದರೆ ಏನಾಗಬಹುದು, ಬಿಡಿಸಿ ಹೇಳಬೇಕಿಲ್ಲ.

ಹಂತ 6: ಗುಂಪು ಮತ್ತು ಭಜನೆ

ಒಬ್ಬರ ಫೋನಿಗೂ ಒಂದು ಗುಂಪಿನ ಹಾಡಿಗೂ ಒಂದೇ ಮದ್ದು ನಡೆಯುವುದಿಲ್ಲ.

ಲೋಕಲ್‌ನ ಭಜನಾ ಮಂಡಳಿಗಳು ಹಳೆಯ ಸಂಪ್ರದಾಯ. ಇಂಥ ಗಾಡಿ, ಇಂಥ ಡಬ್ಬಿ ಅಂತ ಅವರದು ಖಾಯಂ. ಕಿಟಕಿಯ ಸರಳಿಗೆ ಕಟ್ಟಿದ ದೇವರ ಫೋಟೊ, ಅದಕ್ಕೊಂದು ಚೆಂಡುಹೂವಿನ ಮಾಲೆ. ಒಬ್ಬರ ತೊಡೆಯ ಮೇಲೆ ಢೋಲಕ್, ನಾಲ್ಕು ಕೈಗಳಲ್ಲಿ ತಾಳ. ಒಬ್ಬರು ಅಭಂಗದ ಸಾಲು ಎತ್ತಿದರೆ ಉಳಿದವರು ಹಿಡಿಯುತ್ತಾರೆ, ಇಳಿಯುವ ಸ್ಟೇಷನ್ ಹತ್ತಿರ ಬಂದಾಗ ಆರತಿ. ದಸರಾ ಬಂತೆಂದರೆ ಡಬ್ಬಿಗೇ ತೋರಣ ಕಟ್ಟಿ ಪೂಜೆ ಮಾಡುತ್ತಾರೆ. ನಮ್ಮವರಲ್ಲೂ ಅದರಲ್ಲಿ ಸೇರಿ ಹಾಡುವವರಿದ್ದಾರೆ. ವಿಠ್ಠಲ ಪುರಂದರದಾಸರಿಗೂ ವಿಠ್ಠಲನೇ ತಾನೆ.

ಅದೇ ಡಬ್ಬಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಇರುತ್ತಾರೆ. ಪರೀಕ್ಷೆಗೆ ಓದುವ ಹುಡುಗಿ ಇರುತ್ತಾಳೆ. ಬೇರೆ ಧರ್ಮದವರೂ ಇರುತ್ತಾರೆ. ಅವರು ಟಿಕೆಟ್ ತೆಗೆದದ್ದು ಪ್ರಯಾಣಕ್ಕೆ. ಹಾಡು ಎಷ್ಟು ಚೆನ್ನಾಗಿದ್ದರೂ ಮುಚ್ಚಿದ ಜಾಗದಲ್ಲಿ ಕೇಳಲೇಬೇಕಾದರೆ ಅದು ಹೇರಿಕೆ. ನನಗೆ ಅಭಂಗ ಇಷ್ಟ. ಆದರೂ ಈ ಮಾತು ಬದಲಾಗುವುದಿಲ್ಲ.

ಏನು ಮಾಡಬಹುದು? ಹಾಡು ನಡೆಯುವಾಗ ಎದ್ದು ನಿಂತು ಆಕ್ಷೇಪ ಮಾಡಿದರೆ ನೀವು ಇಪ್ಪತ್ತು ಜನರ ಎದುರು, ಅದರ ಮೇಲೆ ದೇವರ ಎದುರು ನಿಂತ ಹಾಗೆ ಕಾಣುತ್ತೀರಿ. ಅದರ ಬದಲು ಪ್ಲಾಟ್‌ಫಾರ್ಮಿನಲ್ಲಿ ಮಾತಾಡಿ. ಈ ಗುಂಪಿನವರು ಗಾಡಿಗೆ ಐದು-ಹತ್ತು ನಿಮಿಷ ಮುಂಚೆ ಒಂದೇ ಜಾಗದಲ್ಲಿ ಸೇರುತ್ತಾರೆ. ತಾಳದ ಚೀಲ ಹಿಡಿದವರೋ, ಸಾಲು ಎತ್ತಿಕೊಡುವವರೋ ಮುಖಂಡರು. ಅವರೊಬ್ಬರ ಹತ್ತಿರ, ಒಬ್ಬರಾಗಿ ಹೋಗಿ. 'ನಿಲ್ಲಿಸಿ' ಅನ್ನಬೇಡಿ. ಢೋಲಕ್ ಸ್ವಲ್ಪ ಮೆಲ್ಲಗೆ ಬಾರಿಸಬಹುದಾ, ಇಂಥ ಸ್ಟೇಷನ್ ನಂತರ ಶುರು ಮಾಡಬಹುದಾ, ಡಬ್ಬಿಯ ಆ ತುದಿಗೆ ಸರಿಯಬಹುದಾ ಅಂತ ಕೇಳಿ. ಇಂಥ ಸಣ್ಣ ಬೇಡಿಕೆಗೆ ಒಪ್ಪಿಗೆ ಸಿಗುತ್ತದೆ. ಸಿಗದಿದ್ದರೆ ಡಬ್ಬಿ ಬದಲಿಸುವುದೇ ಸರಿ, ಅಥವಾ ದೂರು.

ಇಸ್ಪೀಟು ಗುಂಪಿನ ಗಲಾಟೆ, ಸೀಟಿನ ಮೇಲೆ ಕರ್ಚೀಫ್ ಹಾಕಿ ಜಾಗ ಹಿಡಿಯುವುದು, ಇವು ಬೇರೆ ಸಮಸ್ಯೆ. ಅದನ್ನೂ ಇದನ್ನೂ ಒಂದೇ ಉಸಿರಿನಲ್ಲಿ ಎತ್ತಿದರೆ ಎರಡೂ ಬಗೆಹರಿಯುವುದಿಲ್ಲ.

ಬಾಗಿಲಲ್ಲಿ ಸ್ಪೀಕರ್ ಹಿಡಿದು ಕುಣಿಯುವ ಹುಡುಗರ ಗುಂಪಿದ್ದರೆ, ಅದರಲ್ಲಿ ಸ್ವಲ್ಪ ಪೆಚ್ಚಾಗಿ ನಿಂತ ಒಬ್ಬ ಇದ್ದೇ ಇರುತ್ತಾನೆ. ಮಾತು ಅವನ ಹತ್ತಿರ ಆಡಿ.

ಬಸ್ಸು ಮತ್ತು ಮೆಟ್ರೋ

ಮುಂಬಯಿಯ ಸಿಟಿ ಬಸ್ಸು, ಅಂದರೆ ಬೆಸ್ಟ್ ಬಸ್ಸಿನಲ್ಲಿ ಕೆಲಸ ಸುಲಭ, ಯಾಕೆಂದರೆ ಅಲ್ಲಿ ನಿಯಮ ಸ್ಪಷ್ಟವಾಗಿದೆ. 2023ರ ಏಪ್ರಿಲ್‌ನಲ್ಲಿ ಬೆಸ್ಟ್ ಒಂದು ಆದೇಶ ಹೊರಡಿಸಿತು. ಬಸ್ಸಿನಲ್ಲಿ ಹೆಡ್‌ಫೋನ್ ಇಲ್ಲದೆ ಆಡಿಯೋ, ವಿಡಿಯೋ ಹಾಕುವ ಹಾಗಿಲ್ಲ, ಫೋನಿನಲ್ಲಿ ಜೋರಾಗಿ ಮಾತಾಡುವ ಹಾಗೂ ಇಲ್ಲ. ಮೀರಿದರೆ ಪೊಲೀಸ್ ಕಾಯ್ದೆಯಡಿ ಕ್ರಮ. ನೀವು ನೇರ ಕೇಳುವ ಬದಲು ಕಂಡಕ್ಟರ್ ಇದ್ದರೆ ಅವರಿಗೆ ಹೇಳಿ. ಅವರು 'ಆವಾಜ್ ಕಮೀ ಕರಾ' ಅಂದರೆ ಅದು ಬಸ್ಸಿನ ಮಾತು, ನಿಮ್ಮ ಮಾತಲ್ಲ. ಕಂಡಕ್ಟರ್ ಇಲ್ಲದ ಬಸ್ಸಾದರೆ ಓಡುವಾಗ ಡ್ರೈವರಿಗೆ ಹೇಳಲು ಹೋಗಬೇಡಿ, ಸ್ಟಾಪಿನಲ್ಲಿ ಹೇಳಿ.

ಮೆಟ್ರೋದಲ್ಲಿ ಡಬ್ಬಿ ಮುಚ್ಚಿರುತ್ತದೆ, ಪಯಣವೂ ಚಿಕ್ಕದು. 2002ರ ಮೆಟ್ರೋ ರೈಲ್ವೆ ಕಾಯ್ದೆಯ 59ನೇ ಕಲಂ ಪ್ರಕಾರ ಉಪದ್ರವ ಕೊಡುವವರನ್ನು ಇಳಿಸಬಹುದು, ದಂಡ ಹಾಕಬಹುದು. ಪ್ರತಿ ಸ್ಟೇಷನ್ನಿನಲ್ಲೂ ಸಿಬ್ಬಂದಿ ಇದ್ದೇ ಇರುತ್ತಾರೆ.

ಹಂತ 7: ದೂರು ಕೊಡುವುದಾದರೆ

1989ರ ರೈಲ್ವೆ ಕಾಯ್ದೆಯ 145ನೇ ಕಲಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕುಡಿದು ಗಲಾಟೆ, ಉಪದ್ರವ, ಅಸಭ್ಯ ಮಾತು ಎಲ್ಲ ಅದರೊಳಗೆ ಬರುತ್ತದೆ. ರೈಲ್ವೆ ಸಿಬ್ಬಂದಿ ಅಂಥವರನ್ನು ಗಾಡಿಯಿಂದ ಇಳಿಸಬಹುದು, ಟಿಕೆಟ್ ಅಥವಾ ಪಾಸ್ ಮುಟ್ಟುಗೋಲು ಹಾಕಬಹುದು. ಕಾಯ್ದೆ ಹೇಳುವ ಶಿಕ್ಷೆ ಆರು ತಿಂಗಳವರೆಗೆ ಜೈಲು, 500 ರೂಪಾಯಿವರೆಗೆ ದಂಡ. ರೀಲ್ಸ್ ನೋಡಿದ ಹುಡುಗನನ್ನು ಜೈಲಿಗೆ ಹಾಕುವುದಿಲ್ಲ ಬಿಡಿ. ಆದರೆ ಸಮವಸ್ತ್ರದವರು ಬಂದು ಒಂದು ಮಾತು ಹೇಳಲು ಈ ಕಲಂ ಸಾಕು.

ಯಾರಿಗೆ ಹೇಳಬೇಕು ಅನ್ನುವ ಗೊಂದಲ ಬಹಳ ಜನಕ್ಕೆ ಇದೆ. ಆರ್‌ಪಿಎಫ್ ರೈಲ್ವೆಯ ಪಡೆ. ರೈಲ್ವೆ ಕಾಯ್ದೆ ಜಾರಿ ಮಾಡುವುದು, ರೈಲ್ವೆ ಆಸ್ತಿ, ಪ್ರಯಾಣಿಕರ ಸುರಕ್ಷತೆ ನೋಡುವುದು ಅವರ ಕೆಲಸ. ಜಿಆರ್‌ಪಿ ರಾಜ್ಯದ ಪೊಲೀಸರು. ಹೊಡೆದಾಟ, ಬೆದರಿಕೆ, ಕಳ್ಳತನದಂಥ ಅಪರಾಧ ಅವರಿಗೆ. ಹಾಗಾಗಿ ಬರೀ ಗದ್ದಲವಾದರೆ ಆರ್‌ಪಿಎಫ್, ಕೈ ಮಾಡಿದರೆ ಜಿಆರ್‌ಪಿ. ನೆನಪಾಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮುಂಬಯಿಯ ಜಿಆರ್‌ಪಿ ಸಹಾಯವಾಣಿ 1512. ಜೀವಕ್ಕೆ ಅಪಾಯ ಇದ್ದರೆ 112. 'ರೈಲ್ ಮದದ್' ಆ್ಯಪಿನಲ್ಲೂ ದೂರು ಹಾಕಬಹುದು, ಟಿಕೆಟಿನ ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ.

ಫೋನ್ ಮಾಡುವ ಮುಂಚೆ ವಿವರ ಸಿದ್ಧ ಇರಲಿ. ಯಾವ ಲೈನು, ಎಲ್ಲಿಂದ ಎಲ್ಲಿಗೆ ಹೋಗುವ ಗಾಡಿ, ಫಾಸ್ಟೋ ಸ್ಲೋನೋ, ಎಷ್ಟು ಗಂಟೆಯದು, ಈಗ ಯಾವ ಸ್ಟೇಷನ್ ದಾಟಿತು. ಡಬ್ಬಿಯೊಳಗೆ ಗೋಡೆಯ ಮೇಲೆ ಬರೆದಿರುವ ಕೋಚ್ ನಂಬರ್ ನೋಡಿ. 'ಮುಂದಿನಿಂದ ನಾಲ್ಕನೇ ಡಬ್ಬಿ' ಅಂದರೂ ನಡೆಯುತ್ತದೆ. ಇಷ್ಟು ಹೇಳಿದರೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಯಾರಾದರೂ ಹತ್ತಲು ಸಾಧ್ಯ. 'ಟ್ರೇನಲ್ಲಿ ಗಲಾಟೆ' ಅಂತ ಮಾತ್ರ ಹೇಳಿದರೆ ಅವರು ತಾನೇ ಏನು ಮಾಡಿಯಾರು? ಕರೆ ಮಾಡುವಾಗ ಆ ವ್ಯಕ್ತಿಯ ಮುಂದೆ ನಿಂತು, ಅವರಿಗೆ ಕೇಳುವಂತೆ ಮಾಡಬೇಡಿ. ಬೆದರಿಸಲು ಮಾಡಿದ ಫೋನ್ ಅಂತ ಅವರಿಗೆ ಅನ್ನಿಸಿದರೆ ಪೊಲೀಸ್ ಬರುವ ಮೊದಲೇ ಕಿಡಿ ಹತ್ತುತ್ತದೆ.

ಚೈನ್ ಎಳೆಯುವುದು ಇದಕ್ಕಲ್ಲ. ಸಕಾರಣ ಇಲ್ಲದೆ ಎಳೆದರೆ 141ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಹಿಂದೆ ಬರುವ ಗಾಡಿಗಳೆಲ್ಲ ನಿಲ್ಲುತ್ತವೆ. ಹೊಡೆದಾಟ ಶುರುವಾಗಿ ಜೀವಕ್ಕೆ ಅಪಾಯ ಆದರೆ ಮಾತು ಬೇರೆ.

ರಾತ್ರಿ ಹೊತ್ತು ಮಹಿಳೆಯರ ಡಬ್ಬಿಯಲ್ಲಿ ಪೊಲೀಸ್ ಸಿಬ್ಬಂದಿ ಇರುತ್ತಾರೆ. ಅಲ್ಲಿ ನೀವೇ ಕೇಳುವ ಅಗತ್ಯ ಇಲ್ಲ, ಅವರಿಗೇ ಹೇಳಿ.

ಊರಿಗೆ ಹೋಗುವ ಗಾಡಿ

ಮತ್ಸ್ಯಗಂಧಾ, ಉದ್ಯಾನ್, ಗದಗ ಗಾಡಿ ಹತ್ತಿದವರಿಗೆ ಬೇರೆ ಅನುಕೂಲ ಇದೆ. 2022ರ ಜನವರಿಯಲ್ಲಿ ರೈಲ್ವೆ ರಾತ್ರಿ ಪ್ರಯಾಣಕ್ಕೆ ಸೂಚನೆ ಹೊರಡಿಸಿತು. ರಾತ್ರಿ 10ರ ನಂತರ ಜೋರಾಗಿ ಹಾಡು ಹಾಕುವುದು, ಜೋರಾಗಿ ಮಾತಾಡುವುದು ಬೇಡ, ನೈಟ್ ಲೈಟ್ ಬಿಟ್ಟು ಉಳಿದ ದೀಪ ಆರಿಸಬೇಕು. ದೂರು ಬಂದರೆ ಗಾಡಿಯ ಸಿಬ್ಬಂದಿ ನೋಡಿಕೊಳ್ಳಬೇಕು. ಹಾಗಾಗಿ ಟಿಟಿಇ ಬಂದಾಗ ಹೇಳಿ, ಇಲ್ಲವಾದರೆ ಪಿಎನ್‌ಆರ್ ಕೊಟ್ಟು 139ಕ್ಕೆ ಹೇಳಿ. ಸೀಟ್ ನಂಬರ್ ಇರುವುದರಿಂದ ಲೋಕಲ್‌ಗಿಂತ ಇಲ್ಲಿ ಬೇಗ ಜನ ಬರುತ್ತಾರೆ.

ಆದರೆ ಈ ಗಾಡಿಗಳಲ್ಲಿ ಗದ್ದಲ ಮಾಡುವವರು ಹೆಚ್ಚಾಗಿ ಯಾರು? ನಮ್ಮವರೇ. ಮದುವೆಗೆ, ದೈವದ ನೇಮಕ್ಕೆ, ಜಾತ್ರೆಗೆ ಗುಂಪಾಗಿ ಹೋಗುವಾಗ ಠಾಣೆಯಿಂದ ಶುರುವಾದ ಹರಟೆ ರತ್ನಾಗಿರಿ ದಾಟಿದರೂ ಮುಗಿಯುವುದಿಲ್ಲ. ಅಲ್ಲಿ ಕೇಳುವುದು ಸುಲಭ, ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತು ಸಾಕು.

ಹಂತ 8: ಫೋನು ನಿಮ್ಮದೇ ಆಗಿದ್ದರೆ

ಯಕ್ಷಗಾನದ ವಿಡಿಯೋ ಸ್ಪೀಕರಿನಲ್ಲಿ ಹಾಕುವ ಮಾವಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಚೆಂಡೆ ಫೋನಿನಲ್ಲಿ ಹೇಗೆ ಕೇಳುತ್ತದೆ ಅನ್ನೋದು ಪಕ್ಕದ ಗುಜರಾತಿಯವರನ್ನು ಕೇಳಬೇಕು. 'ನಾವು ಹಾಕಿದ್ದು ಕಲೆ, ಅವರು ಹಾಕಿದ್ದು ಕಸ' ಅನ್ನುವ ವಾದ ಡಬ್ಬಿಯಲ್ಲಿ ನಡೆಯುವುದಿಲ್ಲ.

ಹಿರಿಯರು ಸ್ಪೀಕರ್ ಹಾಕುವುದು ಹೆಚ್ಚಾಗಿ ಕಿವಿ ಮಂದವಾದ್ದರಿಂದ. ಅವರಿಗೆ ಕಿವಿಯೊಳಗೆ ತುರುಕುವ ಇಯರ್‌ಫೋನ್ ಹಿಡಿಸುವುದಿಲ್ಲ. ಕಿವಿಯ ಮೇಲೆ ಕೂರುವ ಹೆಡ್‌ಫೋನ್ ಕೊಡಿಸಿ ನೋಡಿ. ಸುದ್ದಿ ನೋಡುವವರಿಗೆ ಅಕ್ಷರಗಳು ಪರದೆಯ ಮೇಲೆ ಬರುವ ಹಾಗೆ ಮಾಡಿಕೊಡಿ. ಊರಿಗೆ ಫೋನ್ ಮಾಡುವುದಿದ್ದರೆ ಪ್ಲಾಟ್‌ಫಾರ್ಮಿನಲ್ಲೇ ಮಾಡಿ ಮುಗಿಸಲಿ. ಗಾಡಿಯೊಳಗೆ ಹೇಗೂ ಸಿಗ್ನಲ್ ತುಂಡು ತುಂಡು, ಅದಕ್ಕೇ ಜೋರಾಗಿ ಮಾತಾಡಬೇಕಾಗುತ್ತದೆ.

ಇಯರ್‌ಫೋನ್ ಹಾಕುವವರಿಗೂ ಒಂದು ಎಚ್ಚರಿಕೆ. ಗಾಡಿಯ ಸದ್ದು ಮುಚ್ಚಲು ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ, ಏರಿಸಿದ್ದು ಗೊತ್ತೇ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಅದಕ್ಕಿಂತ ಜೋರಾದರೆ ಗಂಟೆಗಳು ಬೇಗ ಕಮ್ಮಿ ಆಗುತ್ತವೆ. ಹೊರಗಿನ ಸದ್ದು ತಡೆಯುವ ಇಯರ್‌ಬಡ್ ಇದ್ದರೆ ಅಷ್ಟು ಏರಿಸುವ ಅಗತ್ಯ ಬೀಳುವುದಿಲ್ಲ. ಬಾಗಿಲ ಹತ್ತಿರ ನಿಂತಾಗ, ಸ್ಟೇಷನ್ನಿನಲ್ಲಿ ಹತ್ತಿ ಇಳಿಯುವಾಗ ಎರಡೂ ಕಿವಿ ತೆರೆದಿಡಿ. ಹಳಿ ದಾಟಬೇಡಿ, ಇಯರ್‌ಫೋನ್ ಹಾಕಿಕೊಂಡಂತೂ ಬೇಡವೇ ಬೇಡ.

ದುಬಾರಿಯದು ಬೇಕಿಲ್ಲ. ಲೋಕಲ್ ಡಬ್ಬಿಯಲ್ಲೇ ವೈರಿನ ಇಯರ್‌ಫೋನ್ ಮಾರಲು ಬರುತ್ತಾರೆ, ಸ್ಟೇಷನ್ನಿನ ಹೊರಗೂ ಸಿಗುತ್ತದೆ. ಈಗಿನ ಬಹಳ ಫೋನುಗಳಲ್ಲಿ ದುಂಡು ತೂತಿನ ಜಾಕ್ ಇಲ್ಲ. ಕೊಳ್ಳುವ ಮುಂಚೆ ಟೈಪ್-ಸಿ ಹೌದೋ ಅಲ್ಲವೋ ನೋಡಿಕೊಂಡು, ಮಾರುವವರ ಮುಂದೆಯೇ ಹಾಕಿ, ಎರಡೂ ಕಿವಿಗೆ ಕೇಳುತ್ತದಾ ಅಂತ ಪರೀಕ್ಷಿಸಿ ದುಡ್ಡು ಕೊಡಿ.